ಕ್ಯಾಮೆರಾ ಚೀಲದ ಮಾತ್ರೆ

"ಅಲ್ಲಾಡಬೇಡಿ" ಎಂದು ದಿನವಿಡೀ ಊರವರಿಗೆಲ್ಲ ಹೇಳುವ ಫೋಟೋ ಸ್ಟುಡಿಯೋದವಳಿಗೆ, ಆ ವರ್ಷ ತಾನೇ ಒಂದು ಗಳಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ತುರಿಕೆ. ಅದೂ ಯಾರಿಗೂ ಹೇಳಿಕೊಳ್ಳಲಾಗದ ಜಾಗದಲ್ಲಿ. ಪಾಸ್‌ಪೋರ್ಟ್ ಫೋಟೋಗೆ ಕೂತವರು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಕ್ಯಾಮೆರಾದ ಹಿಂದೆ ನಿಂತವಳು ಮಾತ್ರ ಕಾಲು ಬದಲಿಸುತ್ತ ಹಲ್ಲು ಕಚ್ಚುತ್ತಿದ್ದಳು.

ಡಾಕ್ಟರಮ್ಮ ಕೊಟ್ಟ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಕರೆಯದ ನೆಂಟನ ಹಾಗೆ ಮತ್ತೆ ಬಂದು ವಕ್ಕರಿಸುತ್ತಿತ್ತು. "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಎಂದು ಕೇಳಿದಾಗಲೆಲ್ಲ "ಇಲ್ವಲ್ಲ" ಎನ್ನುತ್ತಿದ್ದಳು. ಏಕೆಂದರೆ ಪಕ್ಕದಲ್ಲಿ ಅತ್ತೆ ಕೂತಿರುತ್ತಿದ್ದರು.

ಅತ್ತೆಗೆ ಮೊಮ್ಮಗಳೊಬ್ಬಳು ಬೇಕೆಂಬ ಆಸೆ. ಇರುವ ಇಬ್ಬರು ಗಂಡುಮಕ್ಕಳನ್ನು ಸಂಭಾಳಿಸುವುದರಲ್ಲೇ ಸೊಸೆ ಹೈರಾಣಾಗಿದ್ದಳು. ಅದಕ್ಕೇ ಗಂಡ ಹೆಂಡತಿ ಮಾತಾಡಿಕೊಂಡು, ಬಸುರು ನಿಲ್ಲದ ಮಾತ್ರೆಯನ್ನು ಸ್ಟುಡಿಯೋದಲ್ಲಿ ಯಾರೂ ಮುಟ್ಟದ ಹಳೆಯ ಕ್ಯಾಮೆರಾ ಚೀಲದಲ್ಲಿ ಅಡಗಿಸಿಟ್ಟಿದ್ದರು. ನಿಜ ಹೇಳಿದರೆ ಮನೆಯಲ್ಲಿ ರಾದ್ಧಾಂತ, ಆಮೇಲೆ ಮೂರನೆಯ ಬಾಣಂತನ. ಅದಕ್ಕಿಂತ ತುರಿಕೆಯೇ ವಾಸಿ ಎಂದುಕೊಂಡಿದ್ದಳು.

ಈ ಸಲ ಡಾಕ್ಟರಮ್ಮನಿಗೂ ತಲೆ ಕೆಟ್ಟಿತು. "ಸಕ್ಕರೆ ಕಾಯಿಲೆ ಇಲ್ಲ. ಸೋಪು ಬದಲಾಯಿಸಿದ್ದೂ ಆಯ್ತು. ಇನ್ನೇನಮ್ಮ ಕಾರಣ?"

"ಬಸುರಾಗದ ಹಾಗೆ ಮಾತ್ರೆ ನುಂಗ್ತಾಳೆ ಡಾಕ್ಟ್ರೇ," ಎಂದರು ಅತ್ತೆ.

ಸೊಸೆ ಗಕ್ಕನೆ ಅತ್ತೆಯ ಕಡೆ ತಿರುಗಿದಳು. "ನಿಮಗೆ ಹೇಗೆ..."

"ಸ್ಟುಡಿಯೋದಲ್ಲಿ ಧೂಳು ಹೊಡೆಯೋದು ಯಾರು, ನಿನ್ನ ಗಂಡನಾ? ನೀನೇ ಹೇಳ್ತೀಯ ಅಂತ ಕಾದೆ. ನೀನೋ, ಬಾಯಿಗೆ ಬೀಗ ಹಾಕ್ಕೊಂಡು ಕೂತೆ."

ಡಾಕ್ಟರಮ್ಮ ನಗು ತಡೆದುಕೊಂಡರು. ಅಂಥ ಮಾತ್ರೆಯ ಹಾರ್ಮೋನಿನಿಂದ ಕೆಲವರಿಗೆ ಇಂಥ ತುರಿಕೆಯ ಸೋಂಕು ಮರುಕಳಿಸುವುದುಂಟು, ಪರೀಕ್ಷೆ ಮಾಡಿ ನೋಡೋಣ ಎಂದರು. "ಬೇಕಾದ್ರೆ ಬೇರೆ ದಾರಿಗಳಿವೆ. ಇಲ್ಲ, ಇನ್ನೊಂದು ಮಗು ಬೇಕು ಅಂತಿದ್ರೆ..."

ಸೊಸೆ ಅಳುಕುತ್ತ ಅತ್ತೆಯ ಮುಖ ನೋಡಿದಳು.

"ಬೇರೆ ದಾರೀನೇ ತೋರಿಸಿ. ಮೊಮ್ಮಗಳು ಬೇಕು ಅನ್ನೋದು ನನ್ನಾಸೆ, ಹೊರೋದು ಅವಳು. ನಾನು ಐದು ಹೆತ್ತೆ. ಸಾಕಾ ಅಂತ ಒಬ್ರೂ ಕೇಳ್ಲಿಲ್ಲ."

ಇಂಥವರಿಗೆ ಹೆದರಿ ಇಷ್ಟು ದಿನ ಸುಳ್ಳು ಹೇಳಿದೆನಲ್ಲ ಎಂದು ಸೊಸೆಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಹೊರಗೆ ಬಂದ ಮೇಲೆ ಅತ್ತೆಯ ಕೈ ಹಿಡಿದುಕೊಂಡು ಕೇಳಿದಳು. "ನಿಮಗೆ ಎಷ್ಟು ಸಾಕಾಗಿತ್ತು ಅತ್ತೆ?"

ಅತ್ತೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಎರಡು. ನಿನ್ನ ಗಂಡ ನಾಲ್ಕನೆಯವನು. ಅವನಿಗೆ ಹೇಳ್ಬೇಡ."