ಹೆತ್ತವಳ ಕೂದಲು

ತಿಮ್ಮಕ್ಕನ ಸೊಸೆಯ ತಲೆಕೂದಲು ಉದುರತೊಡಗಿದ್ದು ಸುಬ್ರಹ್ಮಣ್ಯದ ಷಷ್ಠಿ ಕಳೆದ ಮೇಲೆ. ಮೊದಲು ಕಂಡದ್ದು ತಿಮ್ಮಕ್ಕನಿಗೇ. ಬೆಳಿಗ್ಗೆ ಅಂಗಳ ಗುಡಿಸುವಾಗ ಹಿಡಿಸೂಡಿಯ ತುದಿಗೆ ಉದ್ದುದ್ದ ಕೂದಲು ಸುತ್ತಿಕೊಂಡು ಬಂತು. ಮರುದಿನ ಬಚ್ಚಲಿನ ನೀರು ಹೋಗದೆ ಕಟ್ಟಿಕೊಂಡಿತು; ಕೈ ಹಾಕಿ ಎಳೆದರೆ ಮುಷ್ಟಿ ತುಂಬ ಕೂದಲು. ಅದರ ಮರುದಿನ ಗಂಜಿಯಲ್ಲೇ ಒಂದು ಎಳೆ. ಮಗ ಅಚ್ಚುತ ಅದನ್ನು ಬೆರಳಲ್ಲಿ ಎತ್ತಿ ಬಟ್ಟಲಿನ ಬದಿಗಿಟ್ಟು, ಒಂದು ಮಾತೂ ಆಡದೆ ಉಂಡು ಗದ್ದೆಗೆ ಹೋದ. ಮನೆಗೆ ಬೆಂಕಿ ಬಿದ್ದರೂ ಮೊದಲು ಊಟ ಮುಗಿಸಿ ಆಮೇಲೆ ನೀರು ಹುಡುಕುವ ಜಾತಿ ಅವನದು.

ಪ್ರೇಮಾವತಿಗೆ ಇಪ್ಪತ್ತೆರಡು ವರ್ಷ. ಮದುವೆಯಾಗಿ ಬಂದಾಗ ಅವಳ ಜಡೆ ಸೊಂಟದಿಂದ ಕೆಳಗೆ ಇತ್ತು. ಆ ಜಡೆಯನ್ನು ನೋಡಿಯೇ ತಿಮ್ಮಕ್ಕ ಸಂಬಂಧಕ್ಕೆ ಒಪ್ಪಿದ್ದು ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು, ತಿಮ್ಮಕ್ಕ ಅಲ್ಲವೆಂದು ಹೇಳುತ್ತಿರಲಿಲ್ಲ. ಈಗ ಬೈತಲೆ ದಿನದಿನಕ್ಕೆ ಅಗಲವಾಗುತ್ತಿತ್ತು. ಕಿವಿಯ ಮೇಲ್ಭಾಗದಲ್ಲಿ ಬೋಳು ಕಾಣುತ್ತಿತ್ತು.

ಇಚಿಲಂಪಾಡಿಯಲ್ಲಿ ಆಗ ಡಾಕ್ಟರು ಇರಲಿಲ್ಲ, ಆದರೆ ಮದ್ದು ಹೇಳುವವರಿಗೆ ಬರವೂ ಇರಲಿಲ್ಲ. ಹೊಳೆಗೆ ಬಟ್ಟೆ ಒಗೆಯಲು ಹೋದಲ್ಲಿ ತಿಮ್ಮಕ್ಕ ಒಬ್ಬರ ಕಿವಿಗೆ ಹಾಕಿದ್ದೇ ತಡ, ಸಂಜೆಯೊಳಗೆ ಊರಿಡೀ ವೈದ್ಯರಾದರು. ಬಾವಿಯ ನೀರಿನಲ್ಲಿ ಉಪ್ಪಿನಂಶ ಉಂಟು ಎಂದರು ಒಬ್ಬರು. ಒದ್ದೆ ತಲೆಯಲ್ಲಿ ಮಲಗಿದ್ದಾಳೆ, ಬುಡ ಕೊಳೆತಿದೆ ಎಂದರು ಇನ್ನೊಬ್ಬರು. ಪಿತ್ತ ಎಂದರು, ದೃಷ್ಟಿ ಎಂದರು, ನಾಗನ ದೋಷ ಎಂದರು. ತಿಮ್ಮಕ್ಕ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ದಾಸವಾಳದ ಸೊಪ್ಪು ಕಿವುಚಿ ಲೋಳೆಯಂಥ ಗೊಂಪು ಮಾಡಿ ತಲೆಗೆ ತಿಕ್ಕಿದಳು. ಗರುಗದ ಸೊಪ್ಪಿನ ರಸ ಹಿಂಡಿ ತೆಂಗಿನೆಣ್ಣೆಯಲ್ಲಿ ಕಾಯಿಸಿದಳು. ಸುಬ್ರಹ್ಮಣ್ಯಕ್ಕೆ ಹೋಗಿ ಬಂದವರ ಕೈಯಿಂದ ಹುತ್ತದ ಮಣ್ಣಿನ ಪ್ರಸಾದ ತರಿಸಿ ನೆತ್ತಿಗೆ ಹಚ್ಚಿದಳು. ಸೊಸೆಯ ತಲೆ ಅವಳಿಗೆ ಇನ್ನೊಂದು ತರಕಾರಿ ಪಾತಿಯಾಯಿತು. ಕೂದಲು ಮಾತ್ರ ಯಾವುದಕ್ಕೂ ಮಣಿಯಲಿಲ್ಲ.

ಯಾರಾದರೂ, “ಎಂತ ತಿಮ್ಮಕ್ಕ, ಸೊಸೆಗೆ ಹೀಗಾದದ್ದು?” ಎಂದು ಕೇಳಿದರೆ ಅವಳ ಉತ್ತರ ಒಂದೇ.

“ಜ್ವರ ಬಂದಿತ್ತು ಮಾರಾಯ್ತಿ.”

ಜ್ವರ ಬಂದಿರಲಿಲ್ಲ. ಚೌತಿಯ ಸಮಯಕ್ಕೆ ಪ್ರೇಮಾವತಿ ಹೆತ್ತಿದ್ದಳು. ಅವಳಿಗೆ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಈ ಮನೆಯಲ್ಲೇ ಆಯಿತು. ಹೆಣ್ಣು ಮಗು. ಹುಟ್ಟಿದ ವಾರದ ಮೇಲೆ ಒಂದು ದಿನ ಹಾಲು ಕುಡಿಯುವುದನ್ನು ಬಿಟ್ಟಿತು, ಮರುದಿನ ಕಣ್ಣು ಮುಚ್ಚಿತು. ಹೆಸರಿಟ್ಟಿರಲಿಲ್ಲ. ತೊಟ್ಟಿಲನ್ನು ತಿಮ್ಮಕ್ಕ ಅಂದೇ ಅಟ್ಟಕ್ಕೆ ಹಾಕಿಸಿ, ಮನೆಯವರಿಗೆಲ್ಲ ಕಟ್ಟುನಿಟ್ಟಾಗಿ ಹೇಳಿದ್ದಳು: ಇನ್ನು ಈ ಮನೆಯಲ್ಲಿ ಅದರ ಸುದ್ದಿ ಎತ್ತಬಾರದು. ಹೋದ ಕೂಸನ್ನು ನೆನೆದು ಅತ್ತರೆ ಅದು ಹೊಸ್ತಿಲಲ್ಲೇ ನಿಲ್ಲುತ್ತದೆ, ಮುಂದಿನದಕ್ಕೆ ದಾರಿ ಬಿಡುವುದಿಲ್ಲ. ಹಾಗೆಂದು ಅವಳಿಗೆ ಹಿರಿಯರು ಹೇಳಿದ್ದರು, ಅವಳು ಸೊಸೆಗೆ ಹೇಳಿದಳು. ಕೆಟ್ಟ ಮನಸ್ಸಿನಿಂದಲ್ಲ. ಹುಡುಗಿ ಬೇಗ ಮರೆತು ಎದ್ದು ನಿಲ್ಲಲಿ ಎಂದೇ. ಪ್ರೇಮಾವತಿ ಎದ್ದು ನಿಂತಳು, ಕೆಲಸವನ್ನೂ ಮಾಡಿದಳು. ಮಾತು ಮಾತ್ರ ಕಡಿಮೆಯಾಯಿತು.

ಹೀಗಿರುವಾಗ ಕದೀಜಮ್ಮ ಬಂದಳು. ಒಣಮೀನಿನ ಬುಟ್ಟಿ ಹೊತ್ತು ಊರೂರು ಸುತ್ತುವ ಹೆಂಗಸು. ಮಗಳ ಬಾಣಂತನಕ್ಕೆಂದು ಈಶ್ವರಮಂಗಲಕ್ಕೆ ಹೋದವಳು ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಹೋಗುವ ಮೊದಲು ಅವಳು ನೋಡಿದ್ದು ತುಂಬಿದ ಬಸುರಿಯಾಗಿದ್ದ ಪ್ರೇಮಾವತಿಯನ್ನು. ಈಗ ಜಗಲಿಯಲ್ಲಿ ಬುಟ್ಟಿ ಇಳಿಸಿ, ತಲೆ ಬಾಚುತ್ತಿದ್ದ ಹುಡುಗಿಯನ್ನೂ ಬಾಚಣಿಗೆಗೆ ಸಿಕ್ಕಿದ ಕೂದಲಿನ ರಾಶಿಯನ್ನೂ ನೋಡಿ ಬಾಯ್ತುಂಬ ನಕ್ಕಳು.

“ಹಾಂ! ಮಗು ನಗ್ಲಿಕ್ಕೆ ಸುರು ಮಾಡಿತಾ?”

ಒಳಗೆ ಅಕ್ಕಿ ಕೇರುತ್ತಿದ್ದ ತಿಮ್ಮಕ್ಕನ ಕೈಯಿಂದ ಮೊರ ಜಾರಿತು.

“ಯಾಕೆ ಹಾಗೆ ಕೇಳುದು?” ಎಂದಳು ಪ್ರೇಮಾವತಿ.

“ಗೊತ್ತಿಲ್ವಾ ನಿಂಗೆ? ಮಗು ತಾಯಿಯ ಮುಖದ ಗುರ್ತ ಹಿಡಿದು ನಗುವಾಗ ತಾಯಿಯ ಕೂದಲು ಉದುರುದು. ನನ್ನ ಮಗಳಿಗೂ ಹಾಗೇ, ಮೊನ್ನೆಯಿಂದ. ಎಲ್ಲುಂಟು ಮಗು? ಮಲಗಿದೆಯಾ?”

ತಿಮ್ಮಕ್ಕ ಓಡಿಬಂದು ಕದೀಜಮ್ಮನನ್ನು ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ವಿಷಯ ತಿಳಿದ ಕದೀಜಮ್ಮ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಳು. “ಅಲ್ಲಾ, ನನ್ನ ನಾಲಗೆಗೆ ಹುಳ ಬೀಳ್ಲಿ” ಎಂದು ತನ್ನನ್ನೇ ಶಪಿಸಿಕೊಂಡು, ಸೊಸೆಯ ಮುಖ ನೋಡುವ ಧೈರ್ಯವಿಲ್ಲದೆ ಹಿತ್ತಲ ದಾರಿಯಿಂದಲೇ ಹೋದಳು. ಸೊಸೆ ಅಳುತ್ತಿರಬಹುದು ಎಂದುಕೊಂಡು ತಿಮ್ಮಕ್ಕ ಒಳಬಂದಳು. ಪ್ರೇಮಾವತಿ ಅಳುತ್ತಿರಲಿಲ್ಲ. ಕೈಯಲ್ಲಿದ್ದ ಕೂದಲಿನ ಉಂಡೆಯನ್ನು ನೋಡುತ್ತಾ ಕುಳಿತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಬೆಳಕಿತ್ತು.

ಅಂದಿನಿಂದ ಅವಳು ಎಣ್ಣೆಗೆ ತಲೆ ಒಡ್ಡಲಿಲ್ಲ.

“ಉದುರ್ಲಿ ಅತ್ತೆ. ಎಂತ ಆಗುದಿಲ್ಲ.”

“ಎಂತ ಆಗುದಿಲ್ಲ ಅಂದ್ರೆ? ಪೂರ್ತಿ ಬೋಳು ಆಗ್ತದೆ!”

“ಆಗ್ಲಿ.”

ತಿಮ್ಮಕ್ಕನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದು ಮಧ್ಯಾಹ್ನ, ಕೊಟ್ಟಿಗೆಯಿಂದ ಬರುವಾಗ. ಕೋಣೆಯ ಕಿಟಕಿಯ ಹತ್ತಿರ ನಿಂತು ಸೊಸೆ ತಲೆ ಬಾಚುತ್ತಿದ್ದಳು. ಬಾಚಣಿಗೆಯ ಒಂದೊಂದು ಎಳೆತಕ್ಕೂ ಕೂದಲು ಬರುತ್ತಿತ್ತು, ಒಂದೊಂದು ಸಲವೂ ಅವಳು ಮೆಲ್ಲನೆ ಕೇಳುತ್ತಿದ್ದಳು: “ಈಗ ನಕ್ಕದ್ದಾ? ಗುರ್ತ ಸಿಕ್ಕಿತಾ ನಿಂಗೆ?”

ತಿಮ್ಮಕ್ಕ ಹೆದರಿದಳು. ಕೂದಲು ಹೋದರೆ ಹೋಗಲಿ, ಈ ಹುಡುಗಿಯ ಬುದ್ಧಿಯೇ ಕೈ ಬಿಟ್ಟು ಹೋದರೆ? ಅಂದು ಸಂಜೆ ಅವಳು ಅಚ್ಚುತನಿಗೆ ಅಪ್ಪಣೆ ಮಾಡುವಂತೆ ಹೇಳಿದಳು: ನಾಳೆ ಬೆಳಿಗ್ಗೆಯ ಬಸ್ಸಿಗೆ ನಾವಿಬ್ಬರೂ ಪುತ್ತೂರಿಗೆ ಹೋಗುತ್ತೇವೆ, ದನಕ್ಕೆ ನೀನು ಹುಲ್ಲು ಹಾಕು.

ಪುತ್ತೂರಿನ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ ಮಾತಾಡುವವರು. ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ನಾಲ್ಕೆಂಟು ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆದರು, ಉದುರಿದ್ದರ ಬುಡ ನೋಡಿದರು. ಕಣ್ಣಿನ ಕೆಳಗಿನ ರೆಪ್ಪೆ ಇಳಿಸಿ ನೋಡಿ, “ರಕ್ತ ಕಡಿಮೆ ಉಂಟು” ಎಂದರು. ಆಮೇಲೆ ಕೇಳಿದರು: “ಮೂರು ನಾಲ್ಕು ತಿಂಗಳ ಹಿಂದೆ ಎಂತ ಆಗಿತ್ತು?”

“ಜ್ವರ” ಎಂದಳು ತಿಮ್ಮಕ್ಕ.

“ಎಂತ ಜ್ವರ? ಟೈಫಾಯ್ಡಾ? ಎಷ್ಟು ದಿನ ಇತ್ತು?”

ತಿಮ್ಮಕ್ಕ ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸಲು ಬಾಯಿ ತೆರೆದಳು, ಅಷ್ಟರಲ್ಲಿ ಸೊಸೆ ಹೇಳಿದಳು: “ಹೆತ್ತದ್ದು.”

“ಮಗು?”

“ಇಲ್ಲ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ನೋಡು ಮಗಾ, ಇದು ರೋಗ ಅಲ್ಲ. ಎಲ್ಲರ ತಲೆಯಿಂದಲೂ ದಿನಾ ಸ್ವಲ್ಪ ಕೂದಲು ಉದುರ್ತದೆ. ಬಸುರಿ ಇರುವಾಗ ಅದು ಉದುರದೆ ತಲೆಯಲ್ಲೇ ಉಳೀತದೆ. ಹೆತ್ತು ಮೂರು ನಾಲ್ಕು ತಿಂಗಳಾಗುವಾಗ ಉಳಿದದ್ದೆಲ್ಲ ಒಟ್ಟಿಗೆ ಬೀಳ್ತದೆ. ದೊಡ್ಡ ಜ್ವರ ಬಂದ್ರೂ, ಸರಿಯಾಗಿ ಉಣ್ಣದಿದ್ರೂ, ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ರೂ ಹೀಗೇ. ಆವತ್ತೇ ಉದುರುದಿಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ ಉದುರುದು. ಹಾಗಾಗಿ ಜನ ನೀರಿಗೆ ಬೈತಾರೆ, ಎಣ್ಣೆಗೆ ಬೈತಾರೆ.”

“ಎಣ್ಣೆ ಹಚ್ಚಬಾರ್ದಾ?” ತಿಮ್ಮಕ್ಕನಿಗೆ ತನ್ನ ಗರುಗದ ಶ್ರಮ ನೆನಪಾಯಿತು.

“ಹಚ್ಚಿ, ಬೇಡ ಅಂತ ಹೇಳುದಿಲ್ಲ. ಆದ್ರೆ ಕೂದಲು ಬರುದು ಎಣ್ಣೆಯಿಂದ ಅಲ್ಲ. ಅದು ತಾನಾಗಿ ಬರ್ತದೆ. ರಕ್ತಕ್ಕೆ ಮಾತ್ರೆ ಕೊಡ್ತೇನೆ. ಸೊಪ್ಪು, ಹುರುಳಿ, ಮೀನು ಚೆನ್ನಾಗಿ ತಿನ್ಬೇಕು. ಇಲ್ಲಿ ನೋಡಿ, ಹಣೆಯ ಹತ್ತಿರ ಮರಿಕೂದಲು ಬರ್ಲಿಕ್ಕೆ ಸುರುವಾಗಿದೆ.”

ತಿಮ್ಮಕ್ಕ ಬಗ್ಗಿ ನೋಡಿದಳು. ನಿಜ, ಸಣ್ಣ ಸಣ್ಣ ಕೂದಲು ನೆಟ್ಟಗೆ ನಿಂತಿತ್ತು. ಅವಳ ಎದೆಯ ಭಾರ ಇಳಿಯಿತು. ಆದರೆ ಪ್ರೇಮಾವತಿ ಅದನ್ನು ಕೇಳಿದಂತೆಯೇ ಇರಲಿಲ್ಲ.

“ಮಗು ತಾಯಿಯ ಗುರ್ತ ಹಿಡಿದು ನಗುವಾಗ ಉದುರುದಂತೆ” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆಯಾಗಿತ್ತು.

“ಮಕ್ಕಳು ನಗ್ಲಿಕ್ಕೆ ಸುರು ಮಾಡುವ ಸಮಯವೂ ಅದೇ ಅಲ್ವಾ, ಹಾಗೆ ಹೇಳುದು. ನಗುದಕ್ಕೂ ಕೂದಲಿಗೂ ಸಂಬಂಧ ಇಲ್ಲ. ಮಗು ಇದ್ರೂ ಉದುರ್ತದೆ, ಇಲ್ಲದಿದ್ರೂ ಉದುರ್ತದೆ. ಹೆತ್ತವಳ ಮೈಗೆ ತಾನು ಹೆತ್ತದ್ದು ಮಾತ್ರ ಗೊತ್ತಿರುದು.”

ಡಾಕ್ಟರಮ್ಮ ಒಳ್ಳೆಯ ಮಾತನ್ನೇ ಹೇಳಿದ್ದರು. ಆದರೆ ತಿಮ್ಮಕ್ಕ ನೋಡುತ್ತಿದ್ದಂತೆ ಸೊಸೆಯ ಮುಖದ ಬೆಳಕು ಆರಿಹೋಯಿತು. ಮಗು ಎರಡನೆಯ ಸಲ ಸತ್ತಿತು. ಈ ಭ್ರಮೆ ಬಿಡಿಸಬೇಕೆಂದೇ ತಿಮ್ಮಕ್ಕ ಬಸ್ಸು ಹತ್ತಿ ಬಂದದ್ದು. ಬಿಟ್ಟಿತು. ಈಗ ಅವಳಿಗೆ ಅದನ್ನು ನೋಡಿ ನಿಲ್ಲಲು ಆಗಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಪ್ರೇಮಾವತಿ ಸೆರಗನ್ನು ತಲೆಗೆ ಹೊದ್ದು ಕಿಟಕಿಯ ಹೊರಗೆ ನೋಡುತ್ತಾ ಕುಳಿತಳು. ಅವಳ ಪಕ್ಕದಲ್ಲಿ ತಿಮ್ಮಕ್ಕ ಮಾತ್ರೆಯ ಪೊಟ್ಟಣ ಹಿಡಿದು ಯೋಚಿಸಿದಳು. ಮೈಗೆ ಗೊತ್ತುಂಟಂತೆ. ಗೊತ್ತಿಲ್ಲದವರ ಹಾಗೆ ನಡೆದುಕೊಂಡದ್ದು ಮನೆಯವರು, ಮೊದಲನೆಯವಳು ತಾನು. ಇಡೀ ಮನೆ ಬಾಯಿ ಹೊಲಿದುಕೊಂಡಾಗ, ನೀನು ತಾಯಿ ಎಂದು ಈ ಹುಡುಗಿಗೆ ಹೇಳಿದ್ದು ಉದುರಿದ ಕೂದಲು ಮಾತ್ರ. ಅದನ್ನೂ ತಾನು ಎಣ್ಣೆ ಹಾಕಿ ನಿಲ್ಲಿಸಲು ಹೊರಟದ್ದು. ತಿಮ್ಮಕ್ಕನಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ತನ್ನ ಮೇಲೆಯೇ.

ಉಪ್ಪಿನಂಗಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ಎದುರು ಕುಳಿತಳು. ಗಾಳಿಗೆ ಸೆರಗು ಜಾರಿದ್ದೇ ಅವಳ ಕಣ್ಣು ಪ್ರೇಮಾವತಿಯ ತಲೆಯ ಮೇಲೆ ನಿಂತಿತು. ಬಸ್ಸಿನಲ್ಲಿ ಕುಳಿತವರಿಗೆ ಬೇರೆಯವರ ಮನೆಯ ವಿಚಾರ ಕೇಳದಿದ್ದರೆ ದಾರಿ ಸಾಗುವುದಿಲ್ಲವಲ್ಲ.

“ಸೊಸೆಯಾ? ಎಂತ ಆದದ್ದು ಕೂದಲಿಗೆ? ಜ್ವರ ಬಂದಿತ್ತಾ?”

ಪ್ರೇಮಾವತಿ ಸೆರಗು ಎಳೆದುಕೊಂಡಳು. ಅತ್ತೆ ಏನು ಹೇಳುತ್ತಾಳೆಂದು ಅವಳಿಗೆ ಗೊತ್ತಿತ್ತು.

“ಜ್ವರ ಅಲ್ಲ” ಎಂದಳು ತಿಮ್ಮಕ್ಕ. ಬಸ್ಸಿನ ಸದ್ದಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಹೆತ್ತದ್ದು. ಚೌತಿಗೆ. ಹೆಣ್ಣು ಮಗು. ನಮಗೆ ಉಳೀಲಿಲ್ಲ. ಹೆತ್ತವರ ಕೂದಲು ಹೀಗೆ ಉದುರ್ತದಂತೆ, ಡಾಕ್ಟರಮ್ಮ ಹೇಳಿದ್ರು.”

ಎದುರಿನ ಹೆಂಗಸು ಪಾಪ ಎಂದು ನಾಲಗೆ ಲೊಚಗುಟ್ಟಿದಳು. ಪ್ರೇಮಾವತಿ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

“ತಲೆ ತುಂಬ ಕೂದಲಿತ್ತು ಅದಕ್ಕೆ” ಎಂದಳು ತಿಮ್ಮಕ್ಕ, ಈಗ ಯಾರಿಗೆ ಹೇಳುತ್ತಿದ್ದಾಳೆಂದು ನೋಡದೆ. “ಹುಟ್ಟುವಾಗಲೇ. ಮೊದಲ ಸಲ ಮೀಯಿಸುವಾಗ ನಾನು ನೋಡಿದ್ದೆ. ಇವಳದ್ದೇ ಕೂದಲು.”

ಪ್ರೇಮಾವತಿ ಅತ್ತಳು. ಬಸ್ಸು ತುಂಬ ಜನರಿದ್ದರು, ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ತಿಮ್ಮಕ್ಕ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಇಳಿಯುವ ಜಾಗ ಬರುವವರೆಗೂ ಅತ್ತಳು.

ಮರುದಿನ ತಿಮ್ಮಕ್ಕ ಕೊಟ್ಟಿಗೆಯ ಕೆಲಸ ಮುಗಿಸಿ ಬಂದಾಗ ಪ್ರೇಮಾವತಿ ಎಣ್ಣೆಯ ಗಿಂಡಿ ಹಿಡಿದು ಜಗಲಿಯ ಮೆಟ್ಟಿಲಲ್ಲಿ ಕುಳಿತಿದ್ದಳು.

“ಹಚ್ಚಿ ಅತ್ತೆ.”

“ಎಣ್ಣೆಯಿಂದ ಬರುದಲ್ಲ ಅಂತ ಹೇಳಿದ್ದಾರಲ್ಲ.”

“ಆದ್ರೂ ಹಚ್ಚಿ. ಹಚ್ಚುವಾಗ ಅದರ ಸುದ್ದಿ ಹೇಳಿ.”

ತಿಮ್ಮಕ್ಕ ಮೇಲಿನ ಮೆಟ್ಟಿಲಲ್ಲಿ ಕುಳಿತಳು. ಎಣ್ಣೆ ಕೈಗೆ ಹಾಕಿಕೊಂಡು ನೆತ್ತಿಗೆ ತಟ್ಟಿದಳು. ಹೇಳಲು ಅಷ್ಟೇನೂ ಇರಲಿಲ್ಲ, ಒಂದು ವಾರದ ಜೀವ. ಆದರೂ ಹೇಳಿದಳು: ಬಲಗೈಯ ಮುಷ್ಟಿ ಬಿಡಿಸಿದರೂ ಬಿಡುತ್ತಿರಲಿಲ್ಲ; ಬಿಸಿನೀರು ಬಿದ್ದರೆ ಅಳು ನಿಲ್ಲಿಸುತ್ತಿತ್ತು; ಅಚ್ಚುತ ಯಾರೂ ಇಲ್ಲದಾಗ ತೊಟ್ಟಿಲ ಹತ್ತಿರ ನಿಂತು ಅದರ ಹತ್ತಿರ ಮಾತಾಡುತ್ತಿದ್ದ, ಆ ಮೂಗ ಗಂಡಸು. ಈ ಕೊನೆಯದ್ದು ಪ್ರೇಮಾವತಿಗೆ ಗೊತ್ತೇ ಇರಲಿಲ್ಲ.

ಕೂದಲು ಬೆರಳಿಗೆ ಇನ್ನೂ ಅಂಟಿ ಬರುತ್ತಿತ್ತು. ತಿಮ್ಮಕ್ಕ ಅದನ್ನು ಬಿಸಾಡದೆ ಪಕ್ಕದಲ್ಲಿಟ್ಟಳು. ಹಣೆಯ ಅಂಚಿನಲ್ಲಿ ಅವಳ ಬೆರಳಿಗೆ ಮರಿಕೂದಲು ಚುಚ್ಚಿತು.

“ಹೆಸರು ಇಡ್ಲಿಲ್ಲ ಅತ್ತೆ, ನಾವು.”

ತಿಮ್ಮಕ್ಕ ಎಣ್ಣೆಯ ಗಿಂಡಿಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು:

“ನಾನು ಮನಸ್ಸಲ್ಲಿ ಇಟ್ಟಿದ್ದೆ. ಪೂವಮ್ಮ. ನನ್ನ ಅವ್ವನ ಹೆಸರು.”

ಪ್ರೇಮಾವತಿ ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದಳು. ಆಮೇಲೆ ಅತ್ತೆಯ ಮೊಣಕಾಲಿಗೆ ತಲೆ ಆನಿಸಿ ಕುಳಿತಳು, ತಿಮ್ಮಕ್ಕ ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು.