ಹಿಮ್ಮಡಿ ಊರದವಳು

ಸುಗುಣಾ ಜಗುಲಿಯ ಮೇಲೆ ಕೂತು ಹೊಲಿಯುತ್ತಿದ್ದಳು. ಸೇಲಂನಿಂದ ಬಂದಿದ್ದ ಮಾಮನ ಮಗಳು ಪ್ರಣತಿಯ ಬ್ಯಾಲೆ ಶೂ ಅವಳ ಮಡಿಲಲ್ಲಿತ್ತು. ಅದರ ಮೂತಿಯ ರೇಷ್ಮೆ ಸವೆದು ಹೋಗಿತ್ತು. ದಪ್ಪ ದಾರವನ್ನು ಒತ್ತೊತ್ತಾಗಿ ಎಳೆದು ಅದಕ್ಕೆ ಹೊಸ ಅಂಚು ಕಟ್ಟುತ್ತಿದ್ದಳು.

“ಮೊದ್ಲು ಬ್ಯಾಲೆ ಆಡೋಕೆ ಇಂಥ ಗಟ್ಟಿ ಶೂನೇ ಇರ್ಲಿಲ್ಲ ಕಣೇ,” ಎಂದಳು ಪ್ರಣತಿ. “ಇನ್ನೂರು ವರ್ಷದ ಹತ್ರ ಆಯ್ತು. ಪ್ಯಾರಿಸಲ್ಲಿ ಒಬ್ಳು ಮೆತ್ತನೆ ಚಪ್ಪಲಿಗೆ ಇಂಗೇ ದಾರ ಹೊಲ್ಕೊಂಡು ತುದಿಬೆರಳ ಮೇಲೆ ಆಡಿದ್ಳಂತೆ. ನೋಡ್ದೋರಿಗೆ ಗಾಳೀಲಿ ತೇಲ್ದಂಗೆ ಕಾಣಿಸ್ತಂತೆ.”

“ನಮ್ಮವ್ವ ಬರೀ ಕಾಲಲ್ಲೇ ನಡೆದ್ಳು,” ಎಂದರು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಅಜ್ಜಿ ಗಂಗಲಕ್ಷ್ಮಮ್ಮ. “ಓಗಿ ಹೇಳು ನಿಮ್ಮ ಪ್ಯಾರಿಸ್‌ನೋಳಿಗೆ.”

ಹರೂರಿನಲ್ಲಿ ಈ ಮನೆಯಿರುವ ಜಾಗಕ್ಕೆ ಮೊದಲು ಬಂದು ನೆಲೆಸಿದವಳು ವಂಶದ ಮೂಲತಾಯಿ ಅವ್ವ ಎಂದು ಮನೆಯವರ ನಂಬಿಕೆ. ಆಗ ದಾರಿಯಿರಲಿಲ್ಲ, ಬಾವಿಯಿರಲಿಲ್ಲ. ಮಲಗಿದ್ದ ಭೂಮಿಗೆ ಎಚ್ಚರವಾಗದಿರಲೆಂದು ಅವಳು ಮಡಕೆಯಲ್ಲಿ ಕೆಂಡ ಹಿಡಿದು ತುದಿಗಾಲಲ್ಲೇ ಬಂದಳಂತೆ. ಒಲೆ ಹೊತ್ತಿಸಿದ ಮೇಲಷ್ಟೇ ಹಿಮ್ಮಡಿ ಊರಿದಳಂತೆ. ವರ್ಷಕ್ಕೊಂದು ಸಂಜೆ ಮನೆಯ ಹೆಣ್ಣೊಬ್ಬಳು ಹಾಗೆಯೇ ನಡೆದು, ಬೀದಿಯ ಕೊನೆಯ ಬೇವಿನ ಕೆಳಗಿರುವ ಅವ್ವನ ಕಲ್ಲಿಗೆ ದೀಪ ಮುಟ್ಟಿಸಬೇಕು. ನಡುವೆ ಹಿಮ್ಮಡಿ ನೆಲ ಮುಟ್ಟಿದರೆ ಆ ವರ್ಷ ಅವಳು ಮತ್ತೆ ನಡೆಯುವಂತಿಲ್ಲ.

ಇಷ್ಟು ವರ್ಷ ನಡೆದಿದ್ದ ಅಜ್ಜಿಯ ಮೊಣಕಾಲು ಈ ಸಲ ಒಪ್ಪಲಿಲ್ಲ. ಮಗನ ಮಗಳೆಂದು ಪ್ರಣತಿಗೆ ಹೇಳಿಕಳಿಸಿದ್ದರು. ಸುಗುಣಾ ಮಗಳ ಮಗಳು. ತಾಯಿ ತೀರಿಕೊಂಡ ಮೇಲೆ ಇಲ್ಲೇ ಬೆಳೆದಳು, ಎಂಟನೆಯದಕ್ಕೆ ಶಾಲೆ ಬಿಟ್ಟಳು. ಬಟ್ಟೆ ಒಣಗಿಸುವಾಗಲೂ ಯಾರಿಗೂ ಕಾಣದಂತೆ ಹಿಮ್ಮಡಿ ಎತ್ತಿ ನಡೆಯುತ್ತಿದ್ದಳು. ಅವ್ವನ ದೀಪ ಹಿಡಿಯಬೇಕೆಂಬ ಆಸೆಯೊಂದು ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಆದರೆ ಕೇಳಿರಲಿಲ್ಲ.

ಸಂಜೆ ಪ್ರಣತಿ ದೀಪ ಹಿಡಿದು, ಬರಿಗಾಲ ತುದಿಯಲ್ಲಿ ಹೊಸ್ತಿಲು ದಾಟಿದಳು. ಬೀದಿಯ ಬೆಳಕು ಹಾಲಿಗೆ ಅರಿಶಿನ ಬೆರೆಸಿದಂತಿತ್ತು. ಅದರಲ್ಲಿ ಅವಳು ತೇಲಿಕೊಂಡೇ ಹೋದಳು. ಅರ್ಧ ದಾರಿಗೆ ಪಕ್ಕದ ಮನೆಯವರು ಚಪ್ಪಾಳೆ ತಟ್ಟಿದರು. ಡ್ಯಾನ್ಸ್ ಕ್ಲಾಸಿನ ಅಭ್ಯಾಸ. ಪ್ರಣತಿ ನಿಂತು, ಪಾದ ಊರಿ, ಎಲ್ಲರಿಗೂ ಬಾಗಿ ವಂದಿಸಿದಳು.

“ಅಯ್ಯಯ್ಯೋ!” ಎಂದರು ಅಜ್ಜಿ.

ಪ್ರಣತಿ ನಾಲಗೆ ಕಚ್ಚಿಕೊಂಡಳು. “ಸಾರಿ ಅಜ್ಜಿ, ಮರ್ತೇಬಿಟ್ಟೆ.”

“ಪರವಾಯಿಲ್ಲೆ,” ಎಂದು ಅವಳ ಅಪ್ಪ ಕೃಷ್ಣಸ್ವಾಮಿ ದೀಪ ತೆಗೆದುಕೊಂಡರು. “ಈ ವರ್ಷ ಇಷ್ಟೇ. ಒಳಗಿಟ್ಬಿಡೋಣ.”

“ಅವ್ವನ್ನ ಕತ್ತಲಾಗೆ ಕೂರಿಸ್ತೀಯಾ ಸಾಮಿ?” ಪಕ್ಕದ ಮನೆಯ ಚೆಲ್ಲಮ್ಮ ಬಾಯಿ ಹಾಕಿದರು. “ಸುಗುಣಾ ಐತಲ್ಲ, ಅದು ಓಗ್ಲಿ ಬುಡು.”

“ಅವ್ಳು ಬೇರೆ ಮನೆ ಹೆಣ್ಣಲ್ವಾ ಚೆಲ್ಲಮ್ಮ,” ಎಂದರು ಕೃಷ್ಣಸ್ವಾಮಿ.

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತರು. ಬೇವಿನ ಕೆಳಗೆ ಕಲ್ಲು ಮಸುಕಾಗುತ್ತಿತ್ತು. ಸುಗುಣಾ ಜಗುಲಿ ಇಳಿದು ಬಂದಳು. ಅಷ್ಟು ಜನರ ಕಣ್ಣು ತನ್ನ ಮೇಲಿರುವುದು ಅವಳಿಗೆ ಗೊತ್ತಾಯಿತು; ಆದರೂ ಎರಡು ಕೈಯನ್ನೂ ಮುಂದೆ ಚಾಚಿದಳು. ಗಾಳಿಗೆ ವಾಲಿದ ದೀಪದ ಬೆಳಕು ಅವಳ ಅಂಗೈಯೊಳಗೆ ಬಂದು ಬಿತ್ತು.

“ದೀಪ ನಂಗೆ ಕೊಡಿ ಮಾಮ.”

ಕೇಳುತ್ತಲೇ ಅವಳ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದವು.