ಪುಟದ ಅಂಚಿನಲ್ಲಿ ನುಸುಳಿದ ಮಾವ

ನಾಟಕದ ಮಂದಿ ಅವಳನ್ನು ಕರೆಯುತ್ತಿದ್ದದ್ದು ಮೊಳೆಯಮ್ಮ ಎಂದು. ರಂಗದ ಮೇಲೆ ಮನೆ, ಅರಮನೆ, ಜೈಲು ಏನೇ ಕಟ್ಟುವಾಗಲೂ ನಾಲ್ಕು ಮೊಳೆ ತುಟಿಯಲ್ಲಿ ಕಚ್ಚಿಕೊಂಡಿರುವುದು ಅವಳ ಅಭ್ಯಾಸ. ಬಾಯಲ್ಲಿ ಮೊಳೆ ಇಟ್ಟುಕೊಂಡವಳು ಮಾತಾಡುವುದಾದರೂ ಹೇಗೆ? ಹಾಗಾಗಿ ಅವಳಿಗೆ ಯಾವ ದೂರೂ ಇಲ್ಲವೆಂದೇ ಮೂವತ್ತು ವರ್ಷ ಎಲ್ಲರೂ ನಂಬಿಕೊಂಡಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವರು ಅವಳ ಅಕ್ಕನ ಗಂಡ, ನಾಟಕಕಾರರಾದ ಭಾವ.

ಭಾವ ಬರೆದ ಹನ್ನೊಂದು ನಾಟಕಗಳಲ್ಲಿ ಗೆದ್ದದ್ದು ಒಂದೇ. ಗೆದ್ದದ್ದೆಂದರೆ ಅಂತಿಂಥ ಗೆಲುವಲ್ಲ, ಇಪ್ಪತ್ತು ವರ್ಷ ಓಡಿತು. ಅದರಲ್ಲಿ, ಕಾಟ ಕೊಡುವ ಅಳಿಯ ಬರುವುದನ್ನು ಕಂಡು ಮಾವ ಸ್ನಾನದ ಮನೆ ಸೇರಿಕೊಳ್ಳುತ್ತಾನೆ. ಎರಡನೇ ಅಂಕದಲ್ಲಿ, ಪರವೂರಿನಿಂದ ಈಗ ತಾನೇ ಇಳಿದವನಂತೆ ಬೀದಿ ಬಾಗಿಲಿನಿಂದ ಒಳಗೆ ಬರುತ್ತಾನೆ. ಬಾಗಿಲಿಗೆ ಅಡ್ಡವಾಗಿ ಅಳಿಯ ಕೂತೇ ಇರುವಾಗ ಮಾವ ಬೀದಿಗೆ ಹೋದದ್ದು ಯಾವ ದಾರಿಯಲ್ಲಿ? ಅದನ್ನು ಬರೆಯಲು ಭಾವ ಮರೆತುಬಿಟ್ಟಿದ್ದರು. ಮೊಳೆಯಮ್ಮ ಯಾರಿಗೂ ಏನೂ ಹೇಳದೆ ಸ್ನಾನದ ಮನೆಯ ಹಿಂದೆ ಒಂದು ಮೆಟ್ಟಿಲಸಾಲು ಹೊಡೆದು ನಿಲ್ಲಿಸಿದಳು. ಮಾವ ಒದ್ದೆ ತಲೆಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಬೆಕ್ಕಿನ ಹಾಗೆ ಒಂಬತ್ತು ಮೆಟ್ಟಿಲು ಇಳಿಯುವುದನ್ನು ನೋಡಲೆಂದೇ ಜನ ಎರಡೆರಡು ಸಲ ಬರುತ್ತಿದ್ದರು.

ಈಗ ಪ್ರಕಾಶಕರೊಬ್ಬರು ಆ ನಾಟಕವನ್ನು ಪುಸ್ತಕ ಮಾಡಲು ಮುಂದೆ ಬಂದರು. ಒಂಬತ್ತು ಚಿತ್ರ ಬೇಕು, ರಂಗ ಕಟ್ಟಿದವರೇ ಬಿಡಿಸಿಕೊಡಲಿ ಎಂದರು. ಮೊಳೆಯಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮಾತು ಉಳಿಯುತ್ತದೆ, ಹಲಗೆ ಉಳಿಯುವುದಿಲ್ಲ. ಆಟ ಮುಗಿದ ಮರುದಿನವೇ ಮನೆ ಬಿಚ್ಚಿ, ಅದೇ ಹಲಗೆಯಲ್ಲಿ ಇನ್ನೊಂದು ನಾಟಕಕ್ಕೆ ಕೋಳಿಗೂಡು ಮಾಡುತ್ತಾರೆ. ಅವಳು ಕಟ್ಟಿದ ಒಂದೇ ಒಂದು ಗೋಡೆ ಕೂಡ ಈಗ ಎಲ್ಲೂ ನಿಂತಿಲ್ಲ. ಕಾಗದದ ಮೇಲಾದರೂ ಒಂದು ಮನೆ ನಿಲ್ಲಲಿ ಎಂದು ಅವಳಿಗೆ ತುಂಬ ಆಸೆಯಾಯಿತು.

ಹಸ್ತಪ್ರತಿ ಬಿಚ್ಚಿ ನೋಡಿದರೆ ಮೆಟ್ಟಿಲಿನ ಸುಳಿವೇ ಇಲ್ಲ. ಮುನ್ನುಡಿಯಲ್ಲಂತೂ ಭಾವ ಹೀಗೆ ಬರೆದಿದ್ದರು: 'ಈ ಮನೆ ಪೂರ್ತಿಯಾಗಿ ಎದ್ದದ್ದು ನನ್ನ ತಲೆಯಲ್ಲಿ. ರಂಗದವರು ಹಲಗೆ ಹೊಡೆದರು, ಅಷ್ಟೆ.' ಮೊಳೆಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಅಕ್ಕನ ಮನೆಗೆ ಹೋದಳು.

"ಭಾವ, ಹಿಂದಿನ ಮೆಟ್ಟಿಲು ಎಲ್ಲಿ ಹೋಯ್ತು?"

"ಅದೆಲ್ಲ ರಂಗದ ಗಿಮಿಕ್ಕು ಕಣೇ. ಪುಸ್ತಕ ಅಂದ್ರೆ ಶುದ್ಧವಾಗಿರ್ಬೇಕು. ನಾನು ಬರೆದಿದ್ದಕ್ಕಿಂತ ಒಂದು ಗೆರೆ ಹೆಚ್ಚಾಗ್ಬಾರದು."

"ಹಾಗಾದ್ರೆ ನೀವು ಬರೆದಿದ್ದನ್ನಷ್ಟೇ ಬಿಡಿಸ್ಲಾ?"

"ಬರೆದಿದ್ದನ್ನಷ್ಟೇ!" ಭಾವ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

"ಆಗ್ಲಿ ಭಾವ" ಎಂದಳು ಮೊಳೆಯಮ್ಮ, ಬೆಣ್ಣೆಯಂಥ ದನಿಯಲ್ಲಿ. ಚಿಕ್ಕಂದಿನಿಂದ ಆ ದನಿಯನ್ನು ಬಲ್ಲ ಅಕ್ಕ, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ತಂಗಿಯ ಮುಖವನ್ನೇ ನೋಡಿದಳು.

ಹತ್ತು ದಿನ ಕಳೆದು ಒಂದು ಭಾನುವಾರ ಮಧ್ಯಾಹ್ನ, ಅಕ್ಕನ ಮನೆಯ ಊಟದ ಮೇಜಿನ ಮೇಲೆ ಒಂಬತ್ತು ಹಾಳೆಗಳು ಸಾಲಾಗಿ ಬಂದು ಕೂತವು. ಪ್ರಕಾಶಕರೂ ಬಂದಿದ್ದರು.

ನಾಟಕದ ಮೊದಲ ಸಾಲು, 'ಒಂದು ಬಾಗಿಲು. ಒಂದು ಬೆಂಚು.' ಮೊದಲ ಚಿತ್ರದಲ್ಲೂ ಅಷ್ಟೇ ಇತ್ತು. ಗೋಡೆಯಿಲ್ಲ, ಸೂರಿಲ್ಲ, ಬಟ್ಟಬಯಲಲ್ಲಿ ಒಂದು ಬಾಗಿಲು. ಎಡಕ್ಕೂ ಬಲಕ್ಕೂ ಬೇಕಾದಷ್ಟು ಜಾಗವಿದ್ದರೂ ಅಳಿಯ ಆ ಬಾಗಿಲನ್ನೇ ಮರ್ಯಾದೆಯಾಗಿ ತಟ್ಟುತ್ತಿದ್ದ. 'ಅತ್ತೆ ಟೀ ತರುತ್ತಾಳೆ' ಎಂದು ಬರೆದಿದ್ದರೇ ಹೊರತು ಅಡುಗೆಮನೆ ಎಂದು ಎಲ್ಲೂ ಬರೆದಿರಲಿಲ್ಲ. ಪಾಪ, ಅತ್ತೆ ತಟ್ಟೆ ಹಿಡಿದುಕೊಂಡು ಬೆಂಚಿನ ಅಡಿಯಿಂದ ತೆವಳಿ ಬರುತ್ತಿದ್ದಳು. 'ಏಳು ಮಂದಿ ನೆಂಟರು ಕೂರುತ್ತಾರೆ' ಎಂದಿದ್ದಲ್ಲಿ, ಆ ಒಂದು ಬೆಂಚಿನ ಮೇಲೆ ಒಬ್ಬರ ತೊಡೆಯ ಮೇಲೊಬ್ಬರು ಏರಿ ಕೂತಿದ್ದರು.

ಇನ್ನು ಮಾವ. ಹಸ್ತಪ್ರತಿಯಲ್ಲಿ 'ಸ್ನಾನಕ್ಕೆ ಹೋಗುತ್ತಾನೆ' ಎಂದಷ್ಟೇ ಇತ್ತು, ಸ್ನಾನದ ಮನೆ ಇರಲಿಲ್ಲ. ಸ್ನಾನಕ್ಕೆಂದು ಹೊರಟವನು ಹೋಗಲು ಜಾಗವಿಲ್ಲದೆ ಪುಟದಿಂದಲೇ ಒಂದು ಕಾಲು ಹೊರಗಿಟ್ಟಿದ್ದ. ಮುಂದಿನ ಚಿತ್ರದಲ್ಲಿ ಟವೆಲ್ಲು ಸುತ್ತಿಕೊಂಡು, ಅಚ್ಚಿನ ಸಾಲುಗಳ ಕೆಳಗೆ ಪುಟದ ಅಂಚಿನಲ್ಲಿ ಬಗ್ಗಿ ನುಸುಳುತ್ತಿದ್ದ. ಪುಟಸಂಖ್ಯೆ ತಲೆಗೆ ಬಡಿದು ಬುರುಡೆ ಊದಿಕೊಂಡಿತ್ತು.

ಅಕ್ಕ ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಪ್ರಕಾಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇದೇನೇ ಇದು ಕುಚೇಷ್ಟೆ!" ಭಾವ ಗುಡುಗಿದರು.

"ನೀವು ಬರೆದಿದ್ದನ್ನಷ್ಟೇ ಬಿಡಿಸಿದ್ದೀನಿ ಭಾವ. ಗೋಡೆ ಅಂತ ಎಲ್ಲಿ ಬರೆದಿದ್ದೀರಿ, ತೋರಿಸಿ. ಈಗ್ಲೇ ಗೋಡೆ ಹಾಕ್ತೀನಿ."

ಭಾವ ಹಸ್ತಪ್ರತಿಯನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು. ಗೋಡೆ ಸಿಗಲಿಲ್ಲ.

"ಸಾರ್, ಇವನ್ನೇ ಅಚ್ಚು ಹಾಕೋಣ, ಬಹಳ ಚೆನ್ನಾಗಿವೆ" ಎಂದರು ಪ್ರಕಾಶಕರು.

ಭಾವನ ಮುಖ ಇಂಗು ತಿಂದ ಮಂಗನಂತಾಯಿತು. "ಬೇಡ ಬೇಡ. ನಿನ್ನ ಆ ಹಳೇ ಮನೇನೇ ಬಿಡಿಸು ಮಾರಾಯ್ತಿ."

"ಅದನ್ನ ಮೊದ್ಲು ನೀವು ಬರೀರಿ."

ಭಾವ ಪೆನ್ನು ತೆಗೆದರು. ಒಂದು ಸಾಲೂ ಮುಂದೆ ಹೋಗಲಿಲ್ಲ. ಇಪ್ಪತ್ತು ವರ್ಷ ಮೊದಲ ಸಾಲಿನಲ್ಲಿ ಕೂತು, ತಮ್ಮ ಮಾತಲ್ಲಿ ಯಾರು ಏನು ನುಂಗಿದರೆಂದು ನಟರ ತುಟಿಗಳನ್ನೇ ಕಾಯುತ್ತಿದ್ದವರಿಗೆ ಮನೆ ಎಲ್ಲಿ ಕಂಡೀತು? "ಕಿಟಕಿ ಎಡಕ್ಕಿತ್ತಲ್ವಾ?" ಎಂದರು. "ಬಲಕ್ಕೆ" ಎಂದಳು ಮೊಳೆಯಮ್ಮ. ಆಮೇಲೆ ಅವಳು ಹೇಳುತ್ತ ಹೋದಳು, ಭಾವ ಶಾಲೆಯಲ್ಲಿ ಉಕ್ತಲೇಖನ ಬರೆಯುವ ಹುಡುಗನಂತೆ ಬರೆಯುತ್ತ ಹೋದರು. ಗೋಡೆ ಬಂತು, ಅಡುಗೆಮನೆ ಬಂತು, ಮೆಟ್ಟಿಲು ಬಂತು.

"ಆರನೇ ಮೆಟ್ಟಿಲು ಕಿರುಗುಟ್ಟುತ್ತದೆ. ಬರ್ಕೊಳ್ಳಿ."

ಭಾವ ತಲೆಯೆತ್ತಿದರು. "ಅದನ್ನ ಯಾಕೆ ಬರೀಬೇಕು? ಹಳೇ ಹಲಗೆ ಬದಲಾಯಿಸು ಅಂತ ನಿಂಗೆ ಎಷ್ಟು ಸಲ ಬೈದಿಲ್ಲ ನಾನು!"

"ಪ್ರತಿ ಸಲಾನೂ ಹೊಸ ಹಲಗೇನೇ ಭಾವ. ಮೊಳೆ ಬೇಕಂತ್ಲೇ ಸಡಿಲ ಬಿಡ್ತಿದ್ದೆ. ಅಲ್ಲಿ ನಿಮ್ಮ ಅಳಿಯ 'ಯಾರದು?' ಅಂತಾನಲ್ಲ, ಸದ್ದೇ ಇಲ್ದೆ ಯಾಕೆ ಹಾಗಂತಾನೆ?"

ಆ 'ಯಾರದು?'ಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ತಾವು ಬರೆದ ಮಾತುಗಳಲ್ಲೆಲ್ಲ ಅದೇ ಶ್ರೇಷ್ಠ ಎಂದು ಭಾವ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೊಳೆಯಮ್ಮನಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಭಾವ ಮುನ್ನುಡಿಯ ಹಾಳೆ ಎಳೆದುಕೊಂಡರು. ಆ ಎರಡು ಸಾಲು ಹೊಡೆದುಹಾಕಿ, ಮೇಲೆ ಏನೋ ಬರೆದು ಅವಳತ್ತ ತಳ್ಳಿದರು. 'ಈ ಮನೆ ನನ್ನ ನಾದಿನಿಯದು. ನನ್ನ ಪಾತ್ರಗಳು ಇಪ್ಪತ್ತು ವರ್ಷ ಇದರಲ್ಲಿ ಬಾಡಿಗೆ ಇಲ್ಲದೆ ಬಾಳಿದವು.'

ಈ ಸಲ ಕಣ್ಣೊರೆಸಿಕೊಂಡವಳು ಅಕ್ಕ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಮೊಳೆಯಮ್ಮ ಹಾಳೆಯನ್ನು ವಾಪಸ್ಸು ತಳ್ಳಿದಳು.

"ಭಾವ, ನಾದಿನಿ ಅಂತ ಎಲ್ಲರ ಮನೇಲೂ ಒಬ್ಬಳು ಇರ್ತಾಳೆ. ನಂಗೆ ಒಂದು ಹೆಸರಿದೆ."

ಭಾವ ಅವಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಸಾಲಿನ ಮೇಲೆ ಉಳಿದಿದ್ದ ಚೂರು ಜಾಗದಲ್ಲಿ ಅವಳ ಹೆಸರನ್ನು ಪೂರ್ತಿಯಾಗಿ ಬರೆದರು.

ಮೊಳೆಯಮ್ಮ ಅದನ್ನು ಎರಡು ಸಲ ಓದಿದಳು. ಖಾಲಿ ಹಾಳೆಯೊಂದನ್ನು ಹತ್ತಿರ ಎಳೆದುಕೊಂಡಳು.

"ಟೀ ಇಡು ಅಕ್ಕಾ" ಎಂದಳು. "ಗೋಡೆ ಎಬ್ಬಿಸ್ತೀನಿ."